ಹಿಂಬದಿಯ ಕೆಂಪು ಗುಂಡಿ

ಆ ಸಂಜೆ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಬೇಕು. ಮೊದಲು ಏನಾಯಿತು, ಆಮೇಲೆ ಏನಾಯಿತು, ಯಾರ ಕೈ ಯಾವಾಗ ಎಲ್ಲಿತ್ತು ಎನ್ನುವುದೇ ಈ ಸಂಗತಿಯಲ್ಲಿ ಮುಖ್ಯ. ಬಹಳ ದಿನ ನಾನು ಇದನ್ನು ಬೇರೆ ಕ್ರಮದಲ್ಲಿ ನೆನಪಿಟ್ಟುಕೊಳ್ಳಲು ನೋಡಿದೆ. ಆಗಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಖಾನಾಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ನನ್ನ ಹುಟ್ಟೂರು ಬೆಳಗಾವಿ, ಹೆಂಡತಿಯದು ಗುಂಜಿ. ಎರಡಕ್ಕೂ ನಡುವಿನ ಊರು ಎಂದು ಖಾನಾಪುರ ನಮಗಿಬ್ಬರಿಗೂ ಒಗ್ಗಿತ್ತು. ನಮ್ಮ ಬಾಡಿಗೆ ಮನೆ ಒಂದು ಹಂಚಿನ ಕಾರ್ಖಾನೆಯ ಬಾಜೂಕೇ ಇತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಣ್ಣು ಕಲಸುವ ಯಂತ್ರದ ಗುಂಯ್ ಎಂಬ ಸದ್ದು ಗೋಡೆಯೊಳಗಿಂದ ಬರುತ್ತಿತ್ತು. ಸಂಜೆ ಆರಕ್ಕೆ ಕೆಲಸ ಬಿಡುವ ಸೈರನ್, ಅಲ್ಲಿಯವರ ಬಾಯಲ್ಲಿ ಭೊಂಗಾ, ಕೂಗುತ್ತಿತ್ತು. ಆ ಭೊಂಗಾ ಕೇಳಿದ ಮೇಲೆ ನನ್ನ ಹೆಂಡತಿ ಚಹಾಕ್ಕೆ ಇಡುತ್ತಿದ್ದಳು.

ನನ್ನ ಗೆಳೆಯನ ರೇಡಿಯೊ ದುರಸ್ತಿಯ ಅಂಗಡಿ ಬೆಳಗಾವಿಯ ಖಡೇಬಜಾರಿನ ಹಿಂದಿನ ಓಣಿಯಲ್ಲಿತ್ತು. ಇಬ್ಬರು ನಿಂತರೆ ಮೂರನೆಯವನು ಹೊರಗೆ ಕಾಯಬೇಕು, ಅಷ್ಟೇ ಅಂಗಡಿ. ಮ್ಯಾಟ್ರಿಕ್‌ವರೆಗೆ ನಾವು ಒಂದೇ ಬೆಂಚಿನ ಮೇಲೆ ಕೂತವರು. ಅವನ ಮನೆಯಲ್ಲಿ ಉರ್ದು, ನಮ್ಮ ಮನೆಯಲ್ಲಿ ಕನ್ನಡ, ಇಬ್ಬರೂ ಬಜಾರಿನಲ್ಲಿ ಮರಾಠಿ. ನಮ್ಮ ನಡುವೆ ಮಾತ್ರ ಕನ್ನಡ, ಅದೂ ಏಕವಚನದ ಕನ್ನಡ. ಮಂದಿ ಎದುರಿಗಿದ್ದಾಗ ಅವನು ನನ್ನನ್ನು "ಮಾಸ್ತರ್ರ, ಬರ್ರಿ, ಕುಂದರ್ರಿ" ಎನ್ನುತ್ತಿದ್ದ. ಮಂದಿ ಹೋದೊಡನೆ "ಹೂಂ, ಸರಕೊಳ್ಳಲೇ, ಬೆಳಕ ಅಡ್ಡ ಮಾಡಬ್ಯಾಡ" ಎನ್ನುತ್ತಿದ್ದ. ಆ ಎರಡು ಬಗೆಯ ಮಾತುಗಳ ನಡುವಿನ ಅಂತರ ನನಗೆ ಎಷ್ಟು ಬೇಕಾದದ್ದು ಎಂದು ಆಗ ಗೊತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಕೂಡಿ ಎರಡು ಬ್ಯಾಂಡಿನ ಒಂದು ರೇಡಿಯೊ ಕಟ್ಟಿದ್ದೆವು. ಬಿಡಿಭಾಗಗಳನ್ನು ಆರಿಸುವ ಅವನ ರೀತಿಯನ್ನು ನಾನು ಮೊದಲು ಕಂಡದ್ದು ಆಗ. ಅಂಗಡಿಯವನು ಟ್ರಾನ್ಸ್‌ಫಾರ್ಮರ್ ತಂದು ಮುಂದಿಟ್ಟರೆ ಇವನು ಮೇಲಿನ ಅಕ್ಷರ ಓದುತ್ತಿರಲಿಲ್ಲ. ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು ಇಟ್ಟುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕೈ ಬದಲಿಸಿ ಇನ್ನೊಮ್ಮೆ ನಿಲ್ಲುತ್ತಿದ್ದ. ಆಮೇಲೆ ಭಾರದ್ದನ್ನು ಇಟ್ಟುಕೊಂಡು ಹಗುರಾದದ್ದನ್ನು ಹಿಂದಕ್ಕೆ ಸರಿಸುತ್ತಿದ್ದ.

"ಮ್ಯಾಲೆ ಏನರೆ ಬರೀಬಹುದು," ಎನ್ನುತ್ತಿದ್ದ. "ಒಳಗ ತಾಮ್ರ ಇಲ್ಲಂದ್ರ ತೂಕ ಎಲ್ಲಿಂದ ಬರತೈತಿ?"

ನಾನು ಬರೆದದ್ದನ್ನು ನಂಬುವವನು. ಅವನು ತೂಕವನ್ನು ನಂಬುವವನು. ಆ ರೇಡಿಯೊ ಹನ್ನೆರಡು ವರ್ಷ ನಡೆಯಿತು.

ಈಗ ಅವನ ಅಂಗಡಿಯ ಹಲಗೆಗಳ ಮೇಲೆ ರಿಪೇರಿಯಾದ ರೇಡಿಯೊಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯ ಮೇಲೆ ಹೆಸರು. ಒಯ್ಯಲು ಯಾರೂ ಬರುತ್ತಿರಲಿಲ್ಲ. ಮನೆಗಳಲ್ಲಿ ಟೀವಿ ಬಂದಿತ್ತು. ಟೀವಿ ಕೆಟ್ಟರೆ ಜನ ಕಂಪನಿಯವರನ್ನೇ ಕರೆಯುತ್ತಿದ್ದರು. ಆ ವಿಷಯವನ್ನು ಅವನು ಒಂದೇ ಒಂದು ಸಲ ಆಡಿದ್ದು.

"ಇವರೆಲ್ಲಾ ಸತ್ತಾರೇನ್ ದೋಸ್ತ? ರೇಡಿಯೊ ಒಯ್ಯಾಕ ಒಬ್ರೂ ಬರವಲ್ರು."

ಅದೇ ವರ್ಷ ಬೆಳಗಾವಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರದರ್ಶನ ನೋಡಲು ಹೋದೆವು. ಅಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದರು. ಜನ ಪರದೆಯ ಮುಂದೆ ಸಾಲು ನಿಂತಿದ್ದರು. ನನ್ನ ಗೆಳೆಯ ಹಿಂದೆ ಹೋಗಿ ನಿಂತಿದ್ದ. ಜನ ಕಡಿಮೆಯಾದ ಮೇಲೆ ಅಲ್ಲಿದ್ದ ಉಪನ್ಯಾಸಕರನ್ನು, ಮುಚ್ಚಳ ತೆಗೆದು ತೋರಿಸುತ್ತೀರಾ ಎಂದು ಕೇಳಿದ. ಅವರಿಗೇನು ಅನ್ನಿಸಿತೋ, ತೆಗೆದು ತೋರಿಸಿದರು. ಇವನು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದ. ಹೊರಗೆ ಬಂದು ಚಹಾ ಕುಡಿಯುವಾಗ ಹೇಳಿದ:

"ಅದರಾಗ ಸೋಲ್ಡರ್ ಹಚ್ಚೂ ಕೆಲಸನ ಇಲ್ಲಲೇ. ಒಂದೊಂದು ತುಂಡೂ ಬ್ಯಾರೆ ಬ್ಯಾರೆ ಸಿಗತೈತಿ. ಆರಿಸಿ ತಂದು ಸಿಗಸೂದು, ಅಷ್ಟ. ನಿನಗ ಒಂದು ಕಟ್ಟೂಣು."

"ನನಗ್ಯಾಕೋ?"

"ನಿನ್ನ ಮನ್ಯಾಗ ನಡದ್ರ ಮಂದಿ ನೋಡ್ತಾರ. ನನ್ನ ಅಂಗಡ್ಯಾಗ ನಡದ್ರ, ಕೆಟ್ಟೈತಿ, ರಿಪೇರಿಗೆ ಬಂದೈತಿ ಅಂತಾರ."

ನಾನು ನಕ್ಕೆ. ಅವನು ನಗಲಿಲ್ಲ. ಅವನಿಗೆ ನಲವತ್ತು ದಾಟಿತ್ತು. ಇನ್ನೊಂದು ಕೆಲಸ ಕಲಿಯಬಲ್ಲೆ ಎಂದು ಊರಿಗೆ ತೋರಿಸಲು ಅವನಿಗೆ ಒಂದು ಯಂತ್ರ ಬೇಕಾಗಿತ್ತು.

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ ಯಾರೋ ಟೈಪು ಮಾಡಿದ ದರಪಟ್ಟಿಯ ಝೆರಾಕ್ಸ್ ತರಿಸಿದೆವು. ಆರೇಳು ಭಾನುವಾರ ಅದರ ಮುಂದೆ ಕೂತೆವು. ನಾನು ನಿಘಂಟು ಇಟ್ಟುಕೊಂಡು ಓದಿ ಹೇಳುವುದು, ಅವನು ಬೀಡಿ ಸೇದುತ್ತ ಕೇಳುವುದು. ಎಲ್ಲ ಭಾಗಗಳೂ ಬಂದು ಕೂಡುವ ದೊಡ್ಡ ಹಲಗೆಯ ಹೆಸರು ಮದರ್‌ಬೋರ್ಡ್ ಎಂದಾಗ, "ತಾಯಿ ಮೊದಲ ಆರಿಸು, ಮಕ್ಕಳು ಆಮ್ಯಾಲೆ" ಎಂದ. ಯಂತ್ರದ ನೆನಪಿನ ಚಿಪ್‌ಗಳು ಒಂದೊಂದೇ ಬಿಡಿಯಾಗಿ ಬರುತ್ತಿದ್ದವು, ಇರುವೆಯ ಹಾಗೆ ಎರಡೂ ಕಡೆ ಕಾಲುಗಳು. ವೇಗದವು ಬೇಕೆಂದು ನಾನು ಹಟ ಹಿಡಿದೆ. ಅದೊಂದರಲ್ಲಿ ಅವನು ನನ್ನ ಮಾತು ಕೇಳಿದ. ಬಣ್ಣದ ಪರದೆ ಬೇಕೆಂದರೆ ಮಾತ್ರ ಕೇಳಲಿಲ್ಲ.

"ಬರೇ ಲೆಕ್ಕಾ ಬಿಡಸಾಂವಗ ಬಣ್ಣ ಯಾತಕ? ಹಸಿರು ಅಕ್ಷರದ್ದು ತಗೋ. ಕೆಟ್ರ ನಾ ರಿಪೇರಿ ಮಾಡಬಲ್ಲೆ. ಬಣ್ಣದ್ದು ಕೆಟ್ರ ಇಬ್ರೂ ಕೂಡಿ ಅದರ ಮುಂದ ಕುಂತು ಅಳೂಣು."

ಹಾರ್ಡ್ ಡಿಸ್ಕ್ ಬೇಡ, ಫ್ಲಾಪಿ ತಿರುಗಿಸುವ ಎರಡು ಡ್ರೈವು ಸಾಕು ಎಂದು ತೀರ್ಮಾನವಾಯಿತು. ಹೊರಗಿನ ಪೆಟ್ಟಿಗೆಯನ್ನು ಮುಂಬಯಿಯಿಂದ ಹೊತ್ತು ತರುವುದು ಅವನಿಗೆ ಅವಮಾನ ಅನ್ನಿಸಿತು. "ತಗಡು ಮಡಚೂ ಮಂದಿ ಬೆಳಗಾವ್ಯಾಗ ಇಲ್ಲೇನ?" ಎಂದು ಉದ್ಯಮಬಾಗದಲ್ಲಿ ಕಪಾಟು ಮಾಡುವ ಒಬ್ಬರ ಬಳಿ ಹೋದ. ಅವರು ಕಪಾಟಿನ ತಗಡಿನಲ್ಲೇ ಮಾಡಿಕೊಟ್ಟರು, ಕಪಾಟಿನ ಹಸಿರು ಬಣ್ಣವನ್ನೇ ಹೊಡೆದರು. ಮುಂದೆ ಅದನ್ನು ಕಂಡವರೆಲ್ಲ, ತಿಜೋರಿಗೆ ಟೀವಿ ಹಚ್ಚಿದ್ದೀರಲ್ಲ ಎನ್ನುತ್ತಿದ್ದರು.

ಉಳಿದದ್ದನ್ನು ತರಲು ಅವನು ಒಬ್ಬನೇ ಮುಂಬಯಿಗೆ ಹೋದ. ನನಗೆ ಶಾಲೆಯ ಪರೀಕ್ಷೆ ಇತ್ತು. ತಿರುಗಿ ಬಂದು ಎಲ್ಲವನ್ನೂ ಒಂದು ಚಾದರದ ಮೇಲೆ ಹರಡಿ ವರದಿ ಒಪ್ಪಿಸಿದ. ಕೀಲಿಮಣೆಗಳನ್ನು ಕಣ್ಣು ಮುಚ್ಚಿಕೊಂಡು ಒತ್ತಿ ನೋಡಿ, ಎಲ್ಲ ಗುಂಡಿಗಳೂ ಒಂದೇ ಸಮ ಏಳುವಂಥದ್ದನ್ನು ತಂದಿದ್ದ. ಅವನಿಗೆ ತೊಡಕಾದದ್ದು ಪಾವರ್ ಸಪ್ಲೈ ಆರಿಸುವಲ್ಲಿ. ಗೋಡೆಯ ಕರೆಂಟನ್ನು ತೆಗೆದುಕೊಂಡು ಒಳಗಿನ ಭಾಗಗಳಿಗೆ ಬೇಕಾದಷ್ಟೇ ಹಂಚುವ, ಪಂಖಾ ಇರುವ ಉಕ್ಕಿನ ಡಬ್ಬಿ ಅದು. ಅಷ್ಟು ಕೆಲಸ ಮಾಡುವ ಡಬ್ಬಿ ಅಷ್ಟು ಹಗುರ ಇದ್ದದ್ದನ್ನು ಅವನು ಒಪ್ಪಲಿಲ್ಲ. ಅಂಗಡಿಯವನಿಂದ ನಾಲ್ಕು ತರಿಸಿ, ಎರಡೆರಡು ಕೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ನಿಂತನಂತೆ. ಅಂಗಡಿಯವನು, ಇಲ್ಲಿ ಕಲ್ಲಂಗಡಿ ಮಾರುವುದಿಲ್ಲ ಚಾಚಾ ಎಂದನಂತೆ.

"ಏನ್ ಅಂದಿ ನೀ?"

"ಏನ್ ಅನ್ಲಿ. ಭಾರಂದು ತಂದೇನಿ ನೋಡು." ಡಬ್ಬಿಯನ್ನು ನನ್ನ ಅಂಗೈ ಮೇಲಿಟ್ಟ. "ನಾಕರಾಗ ಇದಕ್ಕ ತೂಕ. ಸಂದ್ಯಾಗ ಬ್ಯಾಟರಿ ಬೆಳಕ ಬಿಟ್ಟು ನೋಡಿದೆ. ಒಳಗ ಕಾವು ಎಳಕೊಳ್ಳಾಕ ದಪ್ಪ ಅಲ್ಯುಮಿನಿಯಂ ಹಾಕ್ಯಾರ. ಉಳದವರು ತಗಡ ಹಾಕ್ಯಾರ."

ಡಬ್ಬಿಯ ಹಿಂಬದಿಯಲ್ಲಿ ಸಣ್ಣದೊಂದು ಕೆಂಪು ಗುಂಡಿ ಇತ್ತು. ಒತ್ತುವ ಗುಂಡಿಯಲ್ಲ, ಅತ್ತಿತ್ತ ಸರಿಸುವಂಥದ್ದು. ಅದರ ಮೇಲೆ 230 ಎಂದು ಬಿಳಿ ಅಂಕಿಗಳು ಕಾಣುತ್ತಿದ್ದವು. ಅದು ಏನೆಂದು ಕೇಳಿದೆ.

"ಅದು ವೋಲ್ಟೇಜ್ ಕಮ್ಮಿ ಇರೂ ಹೊರದೇಶಕ್ಕ. ಸರಿಸಿದ್ರ 115 ಕಾಣತೈತಿ. ನಮಗ ಸಂಬಂಧ ಇಲ್ಲ. ಹಿಂದಕ್ಕ ಕೈ ಹಾಕಬ್ಯಾಡ."

ಇಷ್ಟೇ ಅವನು ಹೇಳಿದ್ದು. ಇಷ್ಟನ್ನು ಹೇಳಿದ್ದ ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ.

ಒಂದು ಭಾನುವಾರ ಅವನ ಅಂಗಡಿಯಲ್ಲಿ ಎಲ್ಲವನ್ನೂ ಸಿಗಿಸಿದೆವು. ಒಂದು ಚಿಪ್‌ನ ಕಾಲು ಒಳಕ್ಕೆ ಮಡಚಿತ್ತು. ಅದನ್ನು ಅವನು ಚಿಮಟದಿಂದ ನೆಟ್ಟಗೆ ಮಾಡಿದ. ಮಧ್ಯಾಹ್ನ ಮೂರರ ಸುಮಾರಿಗೆ ಪರದೆಯ ಮೂಲೆಯಲ್ಲಿ ಒಂದು ಹಸಿರು ಗೆರೆ ಮಿಟುಕಿಸತೊಡಗಿತು. ಅವನು ಎದ್ದು ಹೋಗಿ ಎದುರಿನ ಹೋಟೆಲಿನಿಂದ ತಾನೇ ಎರಡು ಚಹಾ ಹಿಡಿದು ತಂದ. ಇಬ್ಬರೂ ಆ ಗೆರೆ ನೋಡುತ್ತ ಕುಡಿದೆವು.

ಯಂತ್ರ ನಮ್ಮ ಮನೆಯಲ್ಲಿ ಎರಡು ತಿಂಗಳು ಚೆನ್ನಾಗಿ ನಡೆಯಿತು. ನಾನು ಮಕ್ಕಳ ಅಂಕಪಟ್ಟಿ ಮಾಡಿದೆ, ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಸಣ್ಣ ಪ್ರೋಗ್ರಾಂ ಬರೆದೆ. ನೋಡಲು ಬಂದವರಿಗೆಲ್ಲ ಗೆಳೆಯನ ವಿಳಾಸ ಹೇಳಿದೆ. ಅವರ ಮೂಲಕ ಬಾಜೂ ಹಂಚಿನ ಕಾರ್ಖಾನೆಯ ಸಾವಕಾರರಿಗೂ ಸುದ್ದಿ ಮುಟ್ಟಿತು. ಅವರು ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲೂ ಇದ್ದರು. ಶಾಲೆಯ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ ಹೇಳಿದರು:

"ಕಾಯ್ ಮಾಸ್ತರ್, ಮನ್ಯಾಗ ಕಂಪ್ಯೂಟರ್ ಕಟ್ಟೀರಂತ? ಬುಧವಾರ ಸಂಜಿಮುಂದ ಬರ್ತೀನಿ, ನಡಸಿ ತೋರಸ್ರಿ. ಬೊಂಬಾಯಿದಿಂದ ತಯಾರ್ ಮಾಲ್ ತರಸ್ಬೇಕಂತ ಮಾಡೇನಿ. ನಿಮ್ದು ನೀಟ ನಡದ್ರ ನಿಮ್ಮ ಆ ರೇಡಿಯೊದವನ ಕಡಿಂದನ ಮಾಡಸೂಣು. ನಾ ಮಾಡಿಸಿದ್ರ ಕಟ್ಟಿಗಿ ಅಡ್ಡೆದವರೂ ಮಾಡಸ್ತಾರ."

ಇದನ್ನು ಹೇಳಲು ನಾನು ಆ ದಿನವೇ ಬೆಳಗಾವಿಗೆ ಹೋದೆ. ಗೆಳೆಯ ಕೇಳಿಸಿಕೊಂಡು ಬೀಡಿ ಆರಿಸಿದ. ಆಮೇಲೆ ಹಲಗೆಯ ಮೇಲಿನ ರೇಡಿಯೊಗಳತ್ತ ನೋಡಿ, "ಇವನ್ನ ಒಳಗಿನ ಖೋಲಿಗೆ ಹಾಕಿದ್ರ ಇಲ್ಲಿ ಜಾಗಾ ಆಗತೈತಿ" ಎಂದ. ಬುಧವಾರ ತಾನೂ ಬರುತ್ತೇನೆ, ಐದಕ್ಕೆ ಮುಟ್ಟುತ್ತೇನೆ ಎಂದ.

ಈಗ ಬುಧವಾರ.

ಬೇಸಿಗೆಯಲ್ಲಿ ಖಾನಾಪುರದ ವೋಲ್ಟೇಜು ಹಗಲೆಲ್ಲ ಇಳಿದೇ ಇರುತ್ತಿತ್ತು. ಬಲ್ಬಿನ ಒಳಗಿನ ತಂತಿ ಕೆಂಪಗೆ ಕಾಣುತ್ತಿತ್ತು, ಬೆಳಕು ಬರುತ್ತಿರಲಿಲ್ಲ. ಯಂತ್ರಕ್ಕೆಂದು ನಾನು ಒಂದು ಸ್ಟೆಬಿಲೈಜರ್ ಇಟ್ಟುಕೊಂಡಿದ್ದೆ. ಇಳಿದ ಕರೆಂಟನ್ನು ಅದು ಏರಿಸಿ ಕೊಡುತ್ತಿತ್ತು, ಮುಖದ ಮೇಲಿನ ಮುಳ್ಳು ಎಷ್ಟು ಬರುತ್ತಿದೆ ಎಂದು ತೋರಿಸುತ್ತಿತ್ತು. ಆ ದಿನ ನಾಲ್ಕೂವರೆಗೆ ಮುಳ್ಳು 140ರ ಮೇಲಿತ್ತು. ಸ್ಟೆಬಿಲೈಜರ್ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿತ್ತು. ಯಂತ್ರ ಶುರುವಾಗುವುದು, ಆರುವುದು, ಮತ್ತೆ ಶುರುವಾಗುವುದು. ಐದಕ್ಕೆ ಸಾವಕಾರರು ಬರುವವರಿದ್ದರು.

ನಾನು ಯೋಚಿಸಿದ್ದನ್ನು ಯೋಚಿಸಿದ ಹಾಗೆಯೇ ಬರೆಯುತ್ತೇನೆ. ಹಿಂಬದಿಯ ಗುಂಡಿ 230ರಲ್ಲಿದೆ. ಇನ್ನೊಂದು ಕಡೆ 115. ಬರುತ್ತಿರುವುದು 140. ನೂರಾ ನಲವತ್ತಕ್ಕೂ ಇನ್ನೂರಾ ಮೂವತ್ತಕ್ಕೂ ತೊಂಬತ್ತರ ವ್ಯತ್ಯಾಸ. ನೂರಾ ನಲವತ್ತಕ್ಕೂ ನೂರಾ ಹದಿನೈದಕ್ಕೂ ಇಪ್ಪತ್ತೈದರ ವ್ಯತ್ಯಾಸ. ಹತ್ತಿರದ್ದು ಯಾವುದು? ಏಳನೇ ಇಯತ್ತೆಯ ಹುಡುಗರೂ ಬಿಡಿಸುವ ಲೆಕ್ಕ. ವಯರನ್ನು ಸ್ಟೆಬಿಲೈಜರಿನಿಂದ ಕಿತ್ತು ನೇರವಾಗಿ ಗೋಡೆಗೆ ಹಾಕಿದೆ. ಪೆನ್ನಿನ ಮೊನೆಯಿಂದ ಕೆಂಪು ಗುಂಡಿಯನ್ನು ಸರಿಸಿದೆ. 115 ಕಾಣಿಸಿತು. ಸ್ವಿಚ್ ಒತ್ತಿದೆ. ಯಂತ್ರ ಒಂದೇ ಸಲಕ್ಕೆ ಶುರುವಾಯಿತು, ಆರಲಿಲ್ಲ.

ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಆಗಳೇ ಒದರ್ಯಾಡತಿತ್ತು. ಏನ್ ಮಾಡಿದ್ರಿ?"

"ಲೆಕ್ಕ ಮಾಡಿದೆ," ಎಂದೆ. ಆ ಮಾತಿನಲ್ಲಿ ನನಗೆ ಸಂತೋಷ ಇತ್ತು.

ಸಾವಕಾರರು ಐದೂಕಾಲಿಗೆ ಬಂದರು. ಗೆಳೆಯ ಅವರ ಹಿಂದೆಯೇ ಬಂದ. ಅವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಸಾವಕಾರರನ್ನು ಕುರ್ಚಿಯಲ್ಲಿ ಕೂರಿಸಿ ನಾನು ಅವರ ಕಾರ್ಖಾನೆಯದೇ ಒಂದು ಲೆಕ್ಕ ತೋರಿಸಿದೆ. ಹಂಚಿನ ಬಗೆ, ಸುಟ್ಟದ್ದೆಷ್ಟು, ಒಡೆದದ್ದೆಷ್ಟು. ಒಂದು ಅಂಕಿ ಬದಲಿಸಿದರೆ ಕೆಳಗಿನ ಮೊತ್ತ ತಾನೇ ಬದಲಾಗುವುದನ್ನು ಅವರು ಐದಾರು ಸಲ ಮಾಡಿಸಿ ನೋಡಿದರು.

"ನಮ್ಮ ಕಾರಕೂನ ಇದನ್ನ ನೋಡಿದ್ರ ನಾಳಿಂದ ಕೆಲಸಕ್ಕ ಬರೂದಿಲ್ಲ," ಎಂದು ನಕ್ಕರು. ಗೆಳೆಯನತ್ತ ತಿರುಗಿ, "ನೀವ ಕಟ್ಟಿದ್ದೇನ್ರಿ?" ಎಂದರು.

"ಆರಿಸಿ ಸಿಗಸೀನ್ರಿ ಸಾವಕಾರ್ರ. ಕಟ್ಟಾಕ ಏನ ಗೋಡಿ ಅಲ್ಲ."

"ಭಲೇ. ಇನ್ನೊಂದು ಹಿಂಗ ಆಗತೈತೇನು?"

"ಇದಕಿಂತ ನೀಟ ಮಾಡ್ತೀನ್ರಿ. ಮೊದಲಿಂದು ಅಂದ್ರ ಒಂದ್ ಸ್ವಲ್ಪ ಹೆಚ್ಚುಕಮ್ಮಿ ಇರತೈತಿ."

ಆಗ ಆರರ ಭೊಂಗಾ ಕೂಗಿತು.

ಅದು ನಿಂತೊಡನೆ ಮಣ್ಣು ಕಲಸುವ ಯಂತ್ರದ ಗುಂಯ್‌ಗುಡುವಿಕೆ ಇಳಿಯುತ್ತ ಬಂದು ನಿಂತಿತು. ಒಳಗೆ ಹೆಂಡತಿ ಪಾತ್ರೆ ತೆಗೆದ ಸದ್ದಾಯಿತು. ತಲೆಯ ಮೇಲಿನ ಬಲ್ಬು ಕೆಂಪಿನಿಂದ ಹಳದಿಗೆ, ಹಳದಿಯಿಂದ ಬೆಳ್ಳಗಾಯಿತು. ಕಾರ್ಖಾನೆ ನಿಂತ ಮೇಲೆ ವೋಲ್ಟೇಜು ಏರಿ ನಮ್ಮ ಓಣಿಯಲ್ಲಿ ದೀಪ ಬೆಳ್ಳಗಾಗುವುದು ದಿನದ ಸಂಗತಿ. ಆರು ವರ್ಷದಿಂದ ನಾನು ಆ ಬೆಳಕಿನಲ್ಲೇ ಚಹಾ ಕುಡಿದಿದ್ದೆ. ಬಲ್ಬನ್ನು ನೋಡಿ, ಏನೋ ಮರೆತಿದ್ದೇನೆ ಅನ್ನಿಸಿತು. ಅಷ್ಟರಲ್ಲಿ ಹಸಿರು ಪೆಟ್ಟಿಗೆಯೊಳಗೆ ಸಿಡಿಯಿತು.

ಒಂದೇ ಸದ್ದು. ಪರದೆ ಕಪ್ಪಾಯಿತು. ಪಂಖದ ಸಂದಿಯಿಂದ ಬೂದು ಹೊಗೆ ಬಂತು, ಜೊತೆಗೆ ಸುಟ್ಟ ಕಾಗದದ, ಮೀನಿನಂಥ ವಾಸನೆ. ಸಾವಕಾರರು ಕುರ್ಚಿಯಿಂದ ಎದ್ದು ಗೋಡೆಗೆ ಒತ್ತಿ ನಿಂತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ನನ್ನ ಕೈಗಳು ಕೀಲಿಮಣೆಯ ಮೇಲೇ ಇದ್ದವು.

ಗೆಳೆಯ ಹೋಗಿ ಗೋಡೆಯ ಸ್ವಿಚ್ ಆರಿಸಿದ. ವಯರು ಕಿತ್ತ. ಅದು ಸ್ಟೆಬಿಲೈಜರಿನಿಂದ ಬಂದಿಲ್ಲ, ಗೋಡೆಯಿಂದಲೇ ಬಂದಿದೆ ಎಂಬುದನ್ನು ನೋಡಿದ. ಆಮೇಲೆ ಪೆಟ್ಟಿಗೆಯ ಹಿಂದೆ ಬಗ್ಗಿದ. ನಾನು ಎದ್ದು ಅವನ ಎಡಕ್ಕೆ, ಎರಡು ಮೊಳ ದೂರದಲ್ಲಿ ನಿಂತಿದ್ದೆ. ಸಾವಕಾರರು ಪರದೆಯ ಮುಂದಿನ ಬದಿಯಲ್ಲಿದ್ದರು, ಅವರಿಗೆ ಕಾಣುವ ಹಾಗಿರಲಿಲ್ಲ. ಗೆಳೆಯ ಕಿಸೆಯಿಂದ ಕರವಸ್ತ್ರ ತೆಗೆದು ಹೊಗೆ ಹಿಡಿದ ತಗಡನ್ನು ಒರೆಸುವವನ ಹಾಗೆ ಒಮ್ಮೆ ಎಳೆದ. ಕರವಸ್ತ್ರ ಸರಿದಾಗ ಕೆಂಪು ಗುಂಡಿಯ ಮೇಲೆ 230 ಕಾಣುತ್ತಿತ್ತು.

ಅವನು ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ರಿಪೇರಿಗೆ ಬಂದ ಪೆಟ್ಟಿಗೆಯನ್ನು ಮೊದಲ ಸಲ ನೋಡುವ ಹಾಗೆ ನೋಡಿದ.

"ಮಾಲ್ ಹಲ್ಕಾ ಇತ್ತೇನ್ರಿ?" ಸಾವಕಾರರು ಕೇಳಿದರು.

ಇಲ್ಲಿ ಒಂದು ಸಂದು ಇತ್ತು. ನಾನು ಮಾತಾಡಬಹುದಾಗಿದ್ದ ಸಂದು. ಮೂರು ನಾಲ್ಕು ಉಸಿರಿನಷ್ಟು ಇದ್ದಿರಬಹುದು. ಮಂಡಳಿಯ ಸದಸ್ಯರ ಮುಂದೆ ಗಣಿತದ ಮಾಸ್ತರ ಲೆಕ್ಕ ತಪ್ಪಿದೆ ಎಂದು ಹೇಳಬೇಕಾಗಿತ್ತು.

"ಹೌದ್ರಿ ಸಾವಕಾರ್ರ," ಎಂದ ಗೆಳೆಯ. "ಪಾವರ್ ಸಪ್ಲೈ ನಾನ ಆರಿಸಿದ್ದು. ಮೋಸ ಹೋದ್ನಿ."

"ಹಿಂಗಾದ್ರ ಹೆಂಗ್ರಿ. ನನ್ನ ಆಫೀಸ್‌ನ್ಯಾಗ ಸಿಡದಿದ್ರ ಕಾರಕೂನ ಜೀವಾ ಬಿಡತಿದ್ದ." ಸಾವಕಾರರು ಚಪ್ಪಲಿ ಮೆಟ್ಟಿದರು. "ಬಿಡ್ರಿ, ನಾ ತಯಾರ್ ಮಾಲ್‌ಗೇ ಕಾಗದ ಬರೀತೀನಿ. ಚಹಾ ಬ್ಯಾಡ ತಾಯಿ, ಇನ್ನೊಮ್ಮೆ."

ಅವರು ಹೋದರು. ಗೆಳೆಯ ಸ್ಕ್ರೂ ಬಿಚ್ಚಿ ಸುಟ್ಟ ಡಬ್ಬಿಯನ್ನು ಹೊರತೆಗೆದು ಕೈಚೀಲಕ್ಕೆ ಹಾಕಿಕೊಂಡ. ಬಿಳಿ ಅಂಗಿಯ ತೋಳಿಗೆ ಮಸಿ ಹತ್ತಿತ್ತು. ಹೆಂಡತಿ ಚಹಾ ತಂದಳು. ನಿಂತೇ ಕುಡಿದ. ಮನೆಯಲ್ಲಿ ನಾವು ಮೂವರೇ ಇದ್ದೆವು.

"ಮಾಸ್ತರ್ರ, ನಾ ಬರ್ತೀನ್ರಿ," ಎಂದ. "ಆರೂವರಿ ಬಸ್ ಸಿಗತೈತಿ. ನೀವು ಗಾಬರಿ ಆಗಬ್ಯಾಡ್ರಿ. ಮಾಡ್ಕೊಡ್ತೀನಿ."

ಮಂದಿ ಇರಲಿಲ್ಲ. ಆದರೂ ನೀವು ಎಂದ. ಸಿಡಿದ ಸದ್ದಿಗಿಂತ ಆ ಮಾತು ನನಗೆ ಹೆಚ್ಚು ತಟ್ಟಿತು.

ಭಾನುವಾರ ಅವನ ಅಂಗಡಿಗೆ ಹೋದೆ. ಡಬ್ಬಿ ರಿಪೇರಿಯಾಗಿ ಮೇಜಿನ ಮೇಲಿತ್ತು. ಬದಿಗೆ ಒಂದು ಕಾಗದದ ಮೇಲೆ, ಒಡೆದು ಹೊಟ್ಟೆ ಬಿಚ್ಚಿದ ಎರಡು ಕೆಪ್ಯಾಸಿಟರ್ ಇಟ್ಟಿದ್ದ. ಬೆಳ್ಳಿ ಬಣ್ಣದ ಡಬ್ಬಿಗಳು, ಹೆಬ್ಬೆರಳಿನಷ್ಟು ಗಾತ್ರ.

"ನೋಡ್ರಿ ಮಾಸ್ತರ್ರ, ಇವೆರಡು ಹೋಗ್ಯಾವ. ಫ್ಯೂಜ್ ಹೋಗೇತಿ. ಇನ್ನೆರಡು ಸಣ್ಣವು ಹೋಗಿದ್ವು. ತಾಯಿ ಹಲಗಿ ಉಳದೈತಿ. ಭಾರಂದು ತಂದಿದ್ದಕ್ಕ ಉಳೀತು. ಹಗರಂದು ಇದ್ರ ಎಲ್ಲಾ ಸುಡತಿತ್ತು."

ಯಾಕೆ ಸಿಡಿಯಿತು ಎಂದು ಅವನು ಹೇಳಲಿಲ್ಲ. ನಾನು ಕೇಳಲಿಲ್ಲ. ರೇಡಿಯೊಗಳು ಹಲಗೆಯ ಮೇಲೇ ಇದ್ದವು. ಕೆಳಗಿನ ಒಂದು ಸಾಲು ಮಾತ್ರ ಖಾಲಿಯಾಗಿತ್ತು, ಬುಧವಾರಕ್ಕೆ ಮೊದಲು ತೆಗೆದಿರಬೇಕು. ನಾನು ಬೆಳಕಿಗೆ ಅಡ್ಡವಾಗಿ ನಿಂತಿದ್ದೆ. ಸರಿದುಕೋ ಎಂದು ಅವನು ಅನ್ನಲಿಲ್ಲ. ತಾನೇ ಸ್ಟೂಲು ಎಳೆದು ಆಚೆ ಕೂತ.

ಆ ರಿಪೇರಿಯಾದ ಡಬ್ಬಿಯನ್ನು ತಂದು ಹಾಕಿದೆ. ಯಂತ್ರ ನಡೆಯಿತು. ಒಮ್ಮೆ ನೋಡಿ ಆರಿಸಿದ ಮೇಲೆ ನಾನು ಅದನ್ನು ಮತ್ತೆ ಹಚ್ಚಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಹೆಂಡತಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ, ನನ್ನ ಮುಖ ನೋಡದೆ ಕೇಳಿದಳು:

"ಅವತ್ತ ಪೆನ್ನಿನಲೇ ಹಿಂದ ಏನೋ ಸರಿಸಿದ್ರಲ್ಲಾ. ಅದನ್ನ ಸಾವಕಾರ್ರಿಗೆ ಹೇಳೀರೇನು?"

"ಇಲ್ಲ."

"ಆ ಅಣ್ಣಾ ನಮ್ಮನಿ ಚಹಾ ನಿಂತು ಕುಡದದ್ದು ನಾ ಎಂದೂ ಕಂಡಿಲ್ಲ," ಎಂದಳು.

ಮರುದಿನ ಶಾಲೆ ಬಿಟ್ಟ ಮೇಲೆ ಕಾರ್ಖಾನೆಗೆ ಹೋದೆ. ಸಾವಕಾರರು ಅಂಗಳದಲ್ಲಿ ಒಣಗಲು ಇಟ್ಟ ಹಸಿ ಹಂಚಿನ ಸಾಲುಗಳ ನಡುವೆ ನಿಂತಿದ್ದರು. ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತ ಮುಂದೆ ಹೋಗುತ್ತಿದ್ದರು. ನಾನು ಹಿಂದೆ ಹಿಂದೆ ಹೋಗುತ್ತ ಎಲ್ಲವನ್ನೂ ಹೇಳಿದೆ. 140, 230, 115, ಪೆನ್ನಿನ ಮೊನೆ, ಕರವಸ್ತ್ರ. ಯಾವುದನ್ನೂ ಬಿಡಲಿಲ್ಲ. ಸಾಲು ಮುಗಿದ ಮೇಲೆ ಅವರು ನಿಂತು ತಿರುಗಿದರು.

"ಅರೆ ಮಾಸ್ತರ್, ನನ್ನ ಮಶೀನ್ ನಿಂತ ಮ್ಯಾಲೆ ದೀಪ ದೊಡ್ಡದಾಗೂದು ಈ ಓಣಿ ಬೆಕ್ಕಿಗೂ ಗೊತ್ತೈತಿ. ನಿಮ್ಮ ಲೆಕ್ಕದಾಗ ನನ್ನ ಭೊಂಗಾ ಹಿಡೀಲಿಲ್ಲೇನು?"

"ಹಿಡೀಲಿಲ್ರಿ."

"ಆತು. ಲೆಕ್ಕ ಯಾರದರೆ ತಪ್ಪತೈತಿ. ಅವತ್ತ ಯಾಕ ಹೇಳಲಿಲ್ಲ?"

ಅವರು ಬಹಳ ಹೊತ್ತು ಕಾದರು. ಅಷ್ಟು ಹೊತ್ತು ಕಾಯಬೇಕಾಗಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಆಮೇಲೆ ಇನ್ನೊಂದು ಹಂಚು ತಟ್ಟಿದರು.

"ಬೊಂಬಾಯಿಗೆ ಕಾಗದ ಬರದಿಟ್ಟೇನಿ, ಇನ್ನೂ ಹಾಕಿಲ್ಲ. ಆ ರೇಡಿಯೊದವರಿಗೆ ಬರ್ರಿ ಅಂತ ಹೇಳಿ ಕಳಸ್ರಿ. ಇಲ್ಲ, ನೀವ ಬ್ಯಾಡ. ನಾನ ಕಳಸ್ತೀನಿ."

ಆಮೇಲಿನದ್ದು ನನಗೆ ಗೊತ್ತಿಲ್ಲ. ಸಾವಕಾರರು ಅವನಿಗೆ ಏನು ಹೇಳಿದರು, ನನ್ನ ಹೆಸರು ಹೇಳಿದರೋ ಇಲ್ಲವೋ, ನಾನು ಕೇಳಲಿಲ್ಲ. ಎರಡು ತಿಂಗಳು ನಾನು ಖಡೇಬಜಾರಿಗೆ ಹೋಗಲಿಲ್ಲ. ಮಳೆ ಹಿಡಿಯಿತು. ಕಾರ್ಖಾನೆ ಮಳೆಗಾಲಕ್ಕೆ ನಿಂತಿತು. ಭೊಂಗಾ ಇಲ್ಲದ ಸಂಜೆಗಳಲ್ಲಿ ಹೆಂಡತಿ ಗಡಿಯಾರ ನೋಡಿ ಚಹಾ ಇಡುತ್ತಿದ್ದಳು.

ಮಳೆ ಕಡಿಮೆಯಾದ ಮೇಲೆ ಒಂದು ದಿನ ಕಾರ್ಖಾನೆಯ ಆಳು ಬಂದು, ಆಫೀಸಿಗೆ ಬರಬೇಕಂತೆ, ಸಾವಕಾರರು ಕರೆದಿದ್ದಾರೆ ಎಂದ. ಹೋದೆ. ಮೇಜಿನ ಮೇಲೆ ಹೊಸ ಯಂತ್ರ ಕೂತಿತ್ತು. ಪೆಟ್ಟಿಗೆಗೆ ಈ ಸಲ ಬೂದು ಬಣ್ಣ. ಪರದೆ ಬೆಳಗುತ್ತಿತ್ತು. ಗೆಳೆಯ ಅದರ ಬಾಜೂಕೆ ನಿಂತು ಕಾರಕೂನನಿಗೆ ಫ್ಲಾಪಿ ಹೇಗೆ ಹಿಡಿಯಬೇಕೆಂದು ತೋರಿಸುತ್ತಿದ್ದ. "ಇಲ್ಲಿ ಬೆರಳ ಹಚ್ಚಬ್ಯಾಡ್ರಿ, ಅಂಚು ಹಿಡೀರಿ, ಹೋಳಗಿ ಹಿಡದಂಗ." ನನ್ನನ್ನು ಕಂಡು, "ಬರ್ರಿ ಮಾಸ್ತರ್ರ" ಎಂದ. ಸಾವಕಾರರು ಇದ್ದರು, ಕಾರಕೂನ ಇದ್ದ. ಆ ಮಾತು ಯಾವ ಬಗೆಯದು ಎಂದು ತಿಳಿಯುವ ಹಾಗಿರಲಿಲ್ಲ.

ಸಾವಕಾರರು ಯಂತ್ರವನ್ನು ನನಗೆ ತಮ್ಮದೇ ಮಗುವಿನಂತೆ ತೋರಿಸಿದರು. ಕಟ್ಟಿಗೆ ಅಡ್ಡೆಯವರು ಮುಂದಿನ ವಾರ ನೋಡಲು ಬರುತ್ತಾರೆ ಎಂದರು. ಆಮೇಲೆ ಅವರೂ ಕಾರಕೂನನೂ ಯಾವುದೋ ಲಾರಿಯವನು ಕೂಗಿದನೆಂದು ಹೊರಗೆ ಹೋದರು. ಆಫೀಸಿನಲ್ಲಿ ನಾವಿಬ್ಬರೇ ಉಳಿದೆವು.

ನಾನು ಯಂತ್ರದ ಹಿಂದೆ ಹೋಗಿ ನೋಡಿದೆ. ಪಂಖ, ವಯರು, ಎಲ್ಲ ನಮ್ಮದರ ಹಾಗೆಯೇ. ಕೆಂಪು ಗುಂಡಿ ಇರಬೇಕಾದ ಕಡೆ ಮಾತ್ರ ಒಂದು ಸಣ್ಣ ತಗಡಿನ ಪಟ್ಟಿ ಕೂರಿಸಿದ್ದ. ಬಿಸ್ಕಿಟ್ ಡಬ್ಬಿಯ ತಗಡು, ಮೂಲೆಯಲ್ಲಿ ಹೂವಿನ ಚಿತ್ರದ ಒಂದು ಎಸಳು ಉಳಿದಿತ್ತು. ಅಂಚುಗಳನ್ನು ಕೈಗೆ ಹತ್ತದ ಹಾಗೆ ಅರದಿಂದ ತಿಕ್ಕಿದ್ದ. ಎರಡು ತುದಿಗೂ ಒಂದೊಂದು ಸ್ಕ್ರೂ. ಗುಂಡಿ ಅದರ ಕೆಳಗೆ ಮುಚ್ಚಿಹೋಗಿತ್ತು. ಮುಂದೆ ಅವನು ಕಟ್ಟಿದ ಯಂತ್ರಗಳಲ್ಲಿ ನಾನು ನೋಡಿದ ಪ್ರತಿಯೊಂದರ ಹಿಂದೆಯೂ ಆ ಪಟ್ಟಿ ಇತ್ತು. ಬೆಳಗಾವಿಯಲ್ಲಿ ಅವನ ಗಿರಾಕಿಗಳು ಅದನ್ನು "ಮಾಸ್ತರ ಪಟ್ಟಿ" ಎನ್ನುವುದನ್ನು ಬಹಳ ವರ್ಷದ ಮೇಲೆ ಕೇಳಿದೆ. ಯಾವ ಮಾಸ್ತರ ಎಂದು ಅವರಿಗೆ ಗೊತ್ತಿರಲಿಲ್ಲ.

ಅವತ್ತು ಆ ಪಟ್ಟಿ ಎಷ್ಟು ಗಟ್ಟಿಯಾಗಿದೆ ಎಂದು ನೋಡಲು ಬೆರಳು ಚಾಚಿದೆ.

ಮೇಜಿನ ಆಚೆಯಿಂದ ಅವನ ದನಿ ಬಂತು.

"ಲೇ, ಕೈ ತಗಿ."

ತೆಗೆದೆ.